ಕಾಲು ಹಿಡಿಯಿರಿ, ಕುತ್ತಿಗೆ ಬಿಡಿ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ದವಾಖಾನೆಯ ಬಾಗಿಲು ಎಳೆದುಕೊಂಡು ಮನೆಗೆ ಹೊರಟಿದ್ದೆ. ಅಷ್ಟರಲ್ಲಿ ಎರಡು ಮೋಟರ್ ಸೈಕಲ್‌ಗಳ ಮೇಲೆ ಐದು ಜನ ಹುಡುಗರು ಬಂದಿಳಿದರು. ನಡುವೆ ಕುಳಿತವನ ಬನಿಯನ್ನು, ಮುಖ, ತಲೆಗೂದಲೆಲ್ಲ ಮಣ್ಣು. ನಮ್ಮ ಹಳ್ಳಿಖೇಡ (ಬಿ)ಯ ಹೊರಗಿನ ಬಯಲಿನಲ್ಲಿ ಎರಡು ದಿನಗಳಿಂದ ಕಬಡ್ಡಿ ಪಂದ್ಯಾವಳಿ ನಡೆದಿತ್ತು. ಮೈಕಿನ ಸದ್ದು ನಮ್ಮ ಅಂಗಳದವರೆಗೂ ಕೇಳುತ್ತಿತ್ತು.

"ಏನೂ ಆಗಿಲ್ರಿ ಸಾಹೇಬ್ರ. ರಕ್ತ ಬಂದಿಲ್ಲ. ಜರಾ ಚಕ್ಕರ್ ಬಂದದ, ಅಷ್ಟ. ಲಗೂನ ಒಂದು ಇಂಜೆಕ್ಷನ್ ಹಾಕ್ರಿ, ಸೆಕೆಂಡ್ ಹಾಫ್ ಬಾಕಿ ಅದ" ಎಂದ ತಂಡದ ನಾಯಕ.

ಪೆಟ್ಟು ತಿಂದ ಹುಡುಗನಿಗೆ ಹದಿನೇಳು ವರ್ಷ. ನನ್ನ ಮುಖ ನೋಡಿ ನಕ್ಕ. "ಪಾಯಿಂಟ್ ಎಷ್ಟಾಗ್ಯಾವ?" ಎಂದು ಗೆಳೆಯರನ್ನು ಕೇಳಿದ. ಹೇಳಿದರು. ನಾನು ಅವನ ನಾಡಿ ಹಿಡಿದು ಕಣ್ಣಿಗೆ ಬ್ಯಾಟರಿ ಬಿಡುವಷ್ಟರಲ್ಲಿ ಮತ್ತೆ "ಪಾಯಿಂಟ್ ಎಷ್ಟಾಗ್ಯಾವ?" ಎಂದ. ಹತ್ತು ನಿಮಿಷದಲ್ಲಿ ನಾಲ್ಕು ಸಲ ಅದೇ ಪ್ರಶ್ನೆ. ಯಾವ ಊರಿನವರ ಮೇಲೆ ಆಡುತ್ತಿದ್ದೀಯಪ್ಪಾ ಎಂದು ಕೇಳಿದರೆ ಹಿಂದಿನ ದಿನ ಆಡಿದ ತಂಡದ ಊರಿನ ಹೆಸರು ಹೇಳಿದ. ಗೆಳೆಯರು ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ.

ಏನಾಯಿತೆಂದು ಕೇಳಿ ತಿಳಿದುಕೊಂಡೆ. ಎದುರು ತಂಡದಲ್ಲಿ ಮೂವರೇ ಉಳಿದಿದ್ದರು. ಇವನು ರೈಡ್ ಹೋದ. ಒಬ್ಬ ಪಾದ ಹಿಡಿದ. ಇವನು ಕಾಲು ಬಿಡಿಸಿಕೊಂಡು ನಡುಗೆರೆಯ ಕಡೆ ಹಾರುವಾಗ ಇನ್ನೊಬ್ಬ ಹಿಂದಿನಿಂದ ಕುತ್ತಿಗೆಗೆ ತೋಳು ಹಾಕಿ, ತನ್ನ ಭಾರವನ್ನೆಲ್ಲ ಅವನ ಮೇಲೆ ಬಿಟ್ಟು ಕೆಡವಿದ. ತಲೆಯ ಹಿಂಭಾಗ ಗಟ್ಟಿನೆಲಕ್ಕೆ ಬಡಿಯಿತು. ಮೈಕಿನಲ್ಲಿ "ಸೂಪರ್ ಟ್ಯಾಕಲ್!" ಎಂದು ಕೂಗಿದರಂತೆ. ಎದುರು ತಂಡಕ್ಕೆ ಎರಡು ಪಾಯಿಂಟು ಸಿಕ್ಕಿತು.

ಓದುಗರೇ, ಈ ವಾರ ಬೀಪಿ, ಸಕ್ಕರೆ ಕಾಯಿಲೆಗಳನ್ನು ಬದಿಗಿಟ್ಟು ಈ ಎರಡು ಪಾಯಿಂಟಿನ ಬಗ್ಗೆ ಬರೆಯುತ್ತಿದ್ದೇನೆ. ಆರೋಗ್ಯದ ಅಂಕಣದಲ್ಲಿ ಆಟದ ನಿಯಮದ ಚರ್ಚೆ ಯಾಕೆ ಎಂದು ನೀವು ಕೇಳಬಹುದು. ಎದುರಾಳಿಯನ್ನು ಹಿಡಿದು ಕೆಡವುವ ಆಟಗಳಲ್ಲಿ ಯಾವ ಔಷಧಕ್ಕಿಂತಲೂ ಹೆಚ್ಚು ಜೀವ ಉಳಿಸಿರುವುದು ನಿಯಮದ ಪುಸ್ತಕ. ಇದು ಉತ್ಪ್ರೇಕ್ಷೆಯ ಮಾತಲ್ಲ. ಲೆಕ್ಕ ಮುಂದೆ ಕೊಡುತ್ತೇನೆ.

ಮೊದಲು ಆ ಹುಡುಗನ ತಲೆಯೊಳಗೆ ಏನಾಗಿತ್ತು ಎಂಬುದು. ಮೊಸರಿನ ಗಡಿಗೆ ಹೊತ್ತು ನಡೆಯುವವರು ಜರ್ರನೆ ನಿಂತರೆ ಗಡಿಗೆ ಒಡೆಯುವುದಿಲ್ಲ, ಒಳಗಿನ ಮೊಸರು ಒಡೆಯುತ್ತದೆ. ಮೆದುಳೂ ಹಾಗೆಯೇ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೆತ್ತಗಿನ ವಸ್ತು ಅದು. ತಲೆ ರಭಸದಿಂದ ತಿರುಗಿ ಒಮ್ಮೆಲೇ ನಿಂತಾಗ ಮೆದುಳು ಒಳಗೆ ಅದುರುತ್ತದೆ. ನರತಂತುಗಳು ಜಗ್ಗಿ, ಅವುಗಳ ಕೆಲಸ ಕೆಲವು ಹೊತ್ತು, ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಏರುಪೇರಾಗುತ್ತದೆ. ಕನ್‌ಕಷನ್ ಎಂದು ಡಾಕ್ಟರುಗಳು ಕರೆಯುವುದು ಇದನ್ನೇ. ರಕ್ತ ಬರಬೇಕೆಂದಿಲ್ಲ. ಎಚ್ಚರ ತಪ್ಪಬೇಕೆಂದೂ ಇಲ್ಲ. ಇಂಥ ಪೆಟ್ಟು ತಿಂದವರಲ್ಲಿ ಎಚ್ಚರ ತಪ್ಪುವವರು ಹತ್ತರಲ್ಲಿ ಒಬ್ಬರು ಮಾತ್ರ. ಸಿಟಿ ಸ್ಕ್ಯಾನ್ ಮಾಡಿಸಿದರೂ ಬಹಳ ಸಲ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಳಗೆ ರಕ್ತ ಸೋರಿಲ್ಲ ಎಂದು ಹೇಳುವುದಷ್ಟೇ ಆ ಸ್ಕ್ಯಾನಿನ ಕೆಲಸ. ಮೆದುಳು ಅದುರಿಲ್ಲ ಎಂದು ಅದು ಹೇಳಲಾರದು.

ಈ ಸ್ಥಿತಿಯಲ್ಲಿ ಮತ್ತೆ ಅಂಗಳಕ್ಕಿಳಿದವನ ಕಾಲು ತಡವಾಗಿ ಸರಿಯುತ್ತದೆ, ಕಣ್ಣಿನ ಅಂದಾಜು ತಪ್ಪುತ್ತದೆ. ಆದ್ದರಿಂದ ಎರಡನೆಯ ಪೆಟ್ಟು ಬೀಳುವ ಸಂಭವ ಹೆಚ್ಚು. ಮೊದಲನೆಯದು ಮಾಯದೆ ಇರುವಾಗ ಎರಡನೆಯ ಪೆಟ್ಟು ಬಿದ್ದರೆ, ಅಪರೂಪಕ್ಕೆ ಮೆದುಳು ಒಮ್ಮೆಲೇ ಬಾತು ನಿಮಿಷಗಳಲ್ಲಿ ಜೀವಕ್ಕೆ ಬರುತ್ತದೆ. ಹೀಗಾಗುವುದು ಹೆಚ್ಚಾಗಿ ಎಳೆಯರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ.

ಇಷ್ಟು ತಿಳಿದ ನಾನೇ ಒಂದು ಕಾಲಕ್ಕೆ ತಪ್ಪು ಮಾಡಿದ್ದೇನೆ. ಡಾಕ್ಟರಾದ ಹೊಸತರಲ್ಲಿ ಒಂದು ಊರಿನ ಪಂದ್ಯಕ್ಕೆ ಅತಿಥಿಯಾಗಿ ಕರೆದಿದ್ದರು. ಪೇಟಾ ಸುತ್ತಿ ಮುಂದಿನ ಕುರ್ಚಿಯಲ್ಲಿ ಕೂಡಿಸಿದ್ದರು. ಒಬ್ಬ ಹುಡುಗ ಬಿದ್ದು ತಲೆ ಹಿಡಿದುಕೊಂಡು ಕುಳಿತ. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಮುಖಕ್ಕೆ ನೀರು ಹೊಡೆದರು. ಎದ್ದು ನಿಂತ. ಜನ ಚಪ್ಪಾಳೆ ತಟ್ಟಿದರು. ಎಲ್ಲರೂ ನನ್ನ ಮುಖ ನೋಡಿದರು. ನಾನು 'ಆಡಲಿ' ಎಂದು ಕೈ ಮಾಡಿದೆ. ಅವನ ರೈಡಿನಿಂದಲೇ ಅವನ ತಂಡ ಗೆದ್ದಿತು. ಆ ವರ್ಷ ಅವನಿಗೆ ಪುಸ್ತಕ ತೆರೆದರೆ ತಲೆನೋವು, ಬೆಳಕು ಕಂಡರೆ ಆಗದು. ಪರೀಕ್ಷೆ ಬರೆಯಲಾಗದೆ ಮನೆಯಲ್ಲೇ ಉಳಿದ. ಮುಂದಿನ ವರ್ಷ ಸುಧಾರಿಸಿದ, ನಿಜ. ಆದರೆ ಆ ಕೈಸನ್ನೆ ಮಾಡಿದ್ದು ನಾನು. ಅವತ್ತಿನ ಚಪ್ಪಾಳೆಯ ನಡುವೆ 'ಬೇಡ' ಎನ್ನಲು ನನಗೆ ಧೈರ್ಯವಾಗಲಿಲ್ಲ ಎಂಬುದೇ ನಿಜವಾದ ಕಾರಣ. ಡಾಕ್ಟರಿಗೇ ಆಗದ ಧೈರ್ಯ ಹದಿನೇಳು ವರ್ಷದ ನಾಯಕನಿಗೆ ಎಲ್ಲಿಂದ ಬರಬೇಕು? ಅದಕ್ಕೇ ನಿಯಮ ಬೇಕು. 'ಬೇಡ' ಎನ್ನುವ ಕಷ್ಟವನ್ನು ಮನುಷ್ಯರ ಮೇಲಿನಿಂದ ಇಳಿಸಿ ಪುಸ್ತಕದ ಮೇಲೆ ಹಾಕುವುದು ನಿಯಮದ ದೊಡ್ಡ ಉಪಕಾರ.

ನಿಯಮ ಬಿಗಿ ಮಾಡೋಣ ಎಂದ ಕೂಡಲೇ ಎಲ್ಲ ದೇಶಗಳಲ್ಲೂ ಒಂದೇ ಉತ್ತರ ಬರುತ್ತದೆ: "ಹಂಗ ಮಾಡಿದ್ರ ಆಟದಾಗ ಏನು ಉಳೀತದ?" ಈ ವಾದ ಅತಿ ಹೆಚ್ಚು ನಡೆದದ್ದು ಅಮೆರಿಕದ ಫುಟ್‌ಬಾಲಿನಲ್ಲಿ. ನಾವು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವವನನ್ನು ಎದುರಿನವರು ಹಿಡಿದು ನೆಲಕ್ಕೆ ಕೆಡವುವ ಆಟ. ಹಿಡಿತದ ಮಟ್ಟಿಗೆ ನಮ್ಮ ಕಬಡ್ಡಿಯ ದೂರದ ನೆಂಟ ಎನ್ನಿ. 1905ರ ಒಂದೇ ಹಂಗಾಮಿನಲ್ಲಿ ಅಲ್ಲಿ ಹದಿನೆಂಟರಷ್ಟು ಹುಡುಗರು ಆಟದಲ್ಲಿ ಸತ್ತರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ದೊಡ್ಡ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸಿರಿ ಎಂದರು. 1906ರಲ್ಲಿ ನಿಯಮ ಬದಲಾಯಿತು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಬಹುದು ಎಂಬ ಅನುಮತಿ ಸಿಕ್ಕಿದ್ದು ಆಗಲೇ. ಗುಂಪು ಕಟ್ಟಿ ನುಗ್ಗುವ ಆಟ ಬಯಲಿಗೆ ಹರಡಿಕೊಳ್ಳಲಿ ಎಂಬುದು ಉದ್ದೇಶ. ಆಟ ಸತ್ತೇ ಹೋಯಿತು ಎಂದು ಗೊಣಗಿದವರಿದ್ದರು. ಇಂದು ಆ ಮುಂದೆಸೆತವಿಲ್ಲದ ಅಮೆರಿಕದ ಫುಟ್‌ಬಾಲನ್ನು ಯಾರೂ ಊಹಿಸಿಕೊಳ್ಳಲಾರರು. ಜನ ಹಣ ಕೊಟ್ಟು ನೋಡುವುದೇ ಅದನ್ನು!

ಇನ್ನು ನಾನು ಹೇಳಿದ ಲೆಕ್ಕ. ತಲೆ ಉಳಿಯಲಿ ಎಂದು ಗಟ್ಟಿ ಹೆಲ್ಮೆಟ್ ತಂದರು. ತಲೆಗೆ ರಕ್ಷಣೆ ಸಿಕ್ಕಿದ್ದೇ ತಡ, ಆಟಗಾರರು ಆ ತಲೆಯನ್ನೇ ಟಗರಿನಂತೆ ಬಳಸಲು ಶುರು ಮಾಡಿದರು. ಬಗ್ಗಿಸಿದ ತಲೆಯಿಂದ ಗುದ್ದಿದಾಗ ಕತ್ತಿನ ಮೂಳೆ ಮುರಿದು ಕೈಕಾಲುಗಳೆರಡೂ ಬಿದ್ದು ಹೋಗುವ ಹುಡುಗರ ಸಂಖ್ಯೆ ಹೆಚ್ಚಿತು. 1976ರಲ್ಲಿ ಅಲ್ಲಿಯ ಶಾಲಾ ಕಾಲೇಜು ಆಟದಲ್ಲಿ ಹೀಗೆ ಕಾಯಂ ಹಾಸಿಗೆ ಹಿಡಿದವರು 34 ಜನ. ಅದೇ ವರ್ಷ ತಲೆಯಿಂದ ಗುದ್ದುವುದನ್ನು ನಿಯಮದಿಂದ ನಿಷೇಧಿಸಿದರು. 1984ಕ್ಕೆ ಆ ಸಂಖ್ಯೆ 5ಕ್ಕೆ ಇಳಿದಿತ್ತು. ಯಾವ ಆಪರೇಷನ್ನೂ ಮಾಡಲಾರದ ಕೆಲಸವನ್ನು ಒಂದು ಸಾಲಿನ ನಿಯಮ ಮಾಡಿತ್ತು.

ಆ ದೇಶವೂ ಎಲ್ಲವನ್ನೂ ಬೇಗ ಒಪ್ಪಿಕೊಂಡಿತೆಂದು ತಿಳಿಯಬೇಡಿ. ಮೈಕ್ ವೆಬ್‌ಸ್ಟರ್ ಎಂಬ ಪ್ರಸಿದ್ಧ ಆಟಗಾರ 2002ರಲ್ಲಿ, ಐವತ್ತೇ ವರ್ಷಕ್ಕೆ, ಮರೆವು ಮತ್ತು ಚಿತ್ತವಿಕಾರದಿಂದ ನರಳಿ ಸತ್ತ. ನೈಜೀರಿಯಾದಿಂದ ಬಂದಿದ್ದ ಡಾ. ಬೆನೆಟ್ ಒಮಾಲು ಅವನ ಮೆದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟುಗಳು ಉಳಿಸಿಹೋದ ಗುರುತುಗಳನ್ನು 2005ರಲ್ಲಿ ಪ್ರಕಟಿಸಿದರು. ವೃತ್ತಿಪರ ಲೀಗಿನ ಡಾಕ್ಟರುಗಳು ಆ ಬರಹವನ್ನೇ ವಾಪಸು ತೆಗೆಯಿರಿ ಎಂದು ಹಟ ಹಿಡಿದರು. ಸಂಬಂಧ ಇದೆ ಎಂದು ಲೀಗಿನ ಅಧಿಕಾರಿಯೊಬ್ಬರ ಬಾಯಿಂದ ಬರಲು 2016 ಬೇಕಾಯಿತು.

ತೀರ ಈಚಿನ ಜಗಳ 2024ರ ಮಾರ್ಚ್ ತಿಂಗಳದು. ಓಡುವವನನ್ನು ಹಿಂದಿನಿಂದ ಅಥವಾ ಬದಿಯಿಂದ ತಬ್ಬಿ, ತನ್ನ ಸೊಂಟ ತಿರುಗಿಸಿ, ಪೂರ್ತಿ ಭಾರವನ್ನು ಅವನ ಕಾಲುಗಳ ಮೇಲೆ ಬಿಡುವ ಒಂದು ಹಿಡಿತವಿದೆ. ಕೆಳಗೆ ಸಿಕ್ಕ ಕಾಲಿನ ಹರಡು, ಮೊಣಕಾಲು ಉಳಿದರೆ ಅದೃಷ್ಟ. ಉಳಿದ ಹಿಡಿತಗಳಿಗೆ ಹೋಲಿಸಿದರೆ ಇದರಿಂದಾಗುವ ಗಾಯ ಇಪ್ಪತ್ತು ಪಟ್ಟಿಗೂ ಮೇಲೆ ಎಂದು ಲೀಗು ಹೇಳಿ, ಅದನ್ನು ನಿಷೇಧಿಸಿತು. ವಿಚಿತ್ರವೆಂದರೆ ವಿರೋಧಿಸಿದ್ದು ಆಟಗಾರರ ಸಂಘವೇ. ಕ್ಷಣಾರ್ಧದಲ್ಲಿ ನಡೆಯುವ ಹಿಡಿತವನ್ನು ರೆಫರಿ ಹೇಗೆ ಅಳೆಯುತ್ತಾನೆ, ಹಿಡಿಯುವವನು ಮತ್ತೆ ಹೇಗೆ ಹಿಡಿಯಬೇಕು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೆಳಗಿಂದ ಮೇಲಕ್ಕೆ ಕುಳಿತು ನೋಡುವ ನಮಗೆ ಆಟ ನಿಧಾನವಾಗಿ ಕಾಣುತ್ತದೆ. ಹಿಡಿಯುವವನಿಗೆ ಯೋಚಿಸಲು ಪುರಸೊತ್ತಿಲ್ಲ. ಆದರೂ ನನ್ನ ಅಭಿಪ್ರಾಯ ಲೀಗಿನ ಪರ. ಅಂಗಳದಲ್ಲಿ ಯೋಚಿಸಲು ಪುರಸೊತ್ತಿಲ್ಲದ್ದರಿಂದಲೇ ಅಭ್ಯಾಸದಲ್ಲಿ ಕೈಗೆ ಕಲಿಸಬೇಕು. ನಿಯಮ ಬಂದರೆ ತಾಲೀಮು ಬದಲಾಗುತ್ತದೆ, ತಾಲೀಮು ಬದಲಾದರೆ ಕೈ ಬದಲಾಗುತ್ತದೆ.

ನಮ್ಮ ಫುಟ್‌ಬಾಲಿಗೆ ಬನ್ನಿ. ಡಚ್ ಆಟಗಾರ ಮಾರ್ಕೊ ವಾನ್ ಬಾಸ್ಟನ್ ಹರಡಿನ ಗಾಯದಿಂದಾಗಿ 28ನೇ ವಯಸ್ಸಿಗೆ ಕೊನೆಯ ಪಂದ್ಯ ಆಡಿ, 1995ರಲ್ಲಿ ನಿವೃತ್ತಿ ಸಾರಿದ. 1998ರ ವಿಶ್ವಕಪ್ ಹೊತ್ತಿಗೆ, ಹಿಂದಿನಿಂದ ಬಂದು ಅಪಾಯವಾಗುವಂತೆ ಕಾಲು ಕೆಡವಿದರೆ ನೇರ ಕೆಂಪು ಕಾರ್ಡು ಎಂದು ಬಿಗಿ ಮಾಡಿದರು. ಆಟ ಕೆಟ್ಟಿತೇ? ಆ ಮೇಲೆ ಬಂದ ಎಷ್ಟು ಚೆಂದದ ಆಟಗಾರರ ಕಾಲುಗಳು ಉಳಿದವು ಎಂಬುದನ್ನು ರಾತ್ರಿಯೆಲ್ಲ ಟೀವಿ ಮುಂದೆ ಕೂಡುವ ನಿಮ್ಮ ಮಕ್ಕಳನ್ನೇ ಕೇಳಿ.

ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ಘಟನೆಯನ್ನು ಹಿರಿಯ ಓದುಗರು ಮರೆತಿರಲಾರರು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವೆಯ ಡೆಂಪೊ ತಂಡಕ್ಕೆ ಕೋಲ್ಕತ್ತದ ಮೋಹನ್ ಬಾಗಾನ್ ಎದುರಾಳಿ. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡು ಗೋಲು ಹೊಡೆದ. ಎರಡನೆಯ ಗೋಲು ಹೊಡೆಯುವಾಗಲೇ ಮುನ್ನುಗ್ಗಿ ಬಂದ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. ಡೆಂಪೊ 2-0ಯಿಂದ ಗೆದ್ದಿತು. ಗೆಲ್ಲಿಸಿದವನು ಇರಲಿಲ್ಲ. ಡಿಕ್ಕಿ ತಪ್ಪೋ ಅಲ್ಲವೋ ಎಂಬ ಬಗ್ಗೆ ಬಹಳ ವಾದವಾಗಿ, ಗೋಲ್‌ಕೀಪರಿಗೆ ಎರಡು ತಿಂಗಳ ನಿಷೇಧವೂ ಆಯಿತು. ಆದರೆ ಡಾಕ್ಟರಾದ ನನಗೆ ಅಂದಿನಿಂದ ಇಂದಿನವರೆಗೆ ಕೊರೆಯುವ ಪ್ರಶ್ನೆ ಬೇರೆ. ಅವನು ಬಿದ್ದ ಮೇಲಿನ ಮೊದಲ ಐದು ನಿಮಿಷ ಹೇಗಿರಬೇಕಿತ್ತು?

ಆ ಪ್ರಶ್ನೆಗೆ ಉತ್ತರವೆಂಬಂತೆ 2023ರ ಜನವರಿ 2ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಡಮಾರ್ ಹ್ಯಾಮ್ಲಿನ್ ಎಂಬ ಆಟಗಾರ ಎದುರಾಳಿಯನ್ನು ಕೆಡವಿ ಎದ್ದು ನಿಂತವನೇ ಹಿಂದಕ್ಕೆ ಕುಸಿದ. ಎದೆಗೆ ಬಿದ್ದ ಪೆಟ್ಟು ಹೃದಯದ ಬಡಿತದ ಒಂದು ನಿರ್ದಿಷ್ಟ ಕ್ಷಣಕ್ಕೇ ತಾಗಿದರೆ ಆರೋಗ್ಯವಂತ ಹೃದಯವೂ ನಿಲ್ಲಬಹುದು, ಅದೇ ಆಗಿತ್ತು. ಅಂಗಳದಲ್ಲಿದ್ದವರು ಆಗಿಂದಾಗಲೇ ಎದೆ ಒತ್ತಲು ಶುರು ಮಾಡಿದರು, ಹೃದಯಕ್ಕೆ ಶಾಕ್ ಕೊಡುವ ಯಂತ್ರ ಬಳಸಿದರು. ಅವನು ಬದುಕಿದ. ಅದೇ ವರ್ಷ ಮತ್ತೆ ಅಂಗಳಕ್ಕಿಳಿದ. ಮರುವರ್ಷ ಅಲ್ಲ, ಅದೇ ವರ್ಷ!

ಇನ್ನು ನಮ್ಮ ಕಬಡ್ಡಿ. ಹಿರಿಯರು ಈ ಭಾಗದಲ್ಲಿ ಹುತುತು ಎನ್ನುತ್ತಿದ್ದ ಆಟ. ಕಬಡ್ಡಿ ಒರಟು ಆಟ, ಅದಕ್ಕೆ ನಿಯಮ ಗಿಯಮ ನಡೆಯುವುದಿಲ್ಲ ಎಂಬುದು ಅಜ್ಞಾನದ ಮಾತು. ಹಿಂದೆ ಸಂಜೀವನಿ, ಗಾಮಿನಿ, ಅಮರ ಎಂದು ಮೂರು ಬಗೆಯಲ್ಲಿ ಆಡುತ್ತಿದ್ದರು. ಅವುಗಳಲ್ಲಿ ಔಟಾದವನು ಮತ್ತೆ ಜೀವ ಪಡೆಯುವ ಸಂಜೀವನಿಯ ದಾರಿಯಲ್ಲೇ ಇಂದಿನ ಆಟ ಬೆಳೆದಿದೆ. ನಿಯಮ ಬದಲಾಗುತ್ತಲೇ ಬಂದ ಆಟ ಇದು. ಅಷ್ಟೇ ಅಲ್ಲ, ಅದರ ನಿಯಮಗಳು ನೀವು ತಿಳಿದದ್ದಕ್ಕಿಂತ ಮೃದು. ರೈಡರನ್ನು ಕೈಕಾಲು ಮತ್ತು ಮುಂಡ, ಇವುಗಳಲ್ಲಿ ಮಾತ್ರ ಹಿಡಿಯಬೇಕು. ಬಾಯಿ ಮುಚ್ಚಿ ಉಸಿರು ಕಟ್ಟಿಸುವಂತಿಲ್ಲ, ಗಂಟಲು ಒತ್ತುವಂತಿಲ್ಲ, ಕೂದಲು ಜಗ್ಗುವಂತಿಲ್ಲ, ಎರಡು ಕಾಲುಗಳ ಕತ್ತರಿಯಲ್ಲಿ ಸಿಕ್ಕಿಸುವಂತಿಲ್ಲ, ಗಾಯವಾಗುವಂತೆ ಹಿಂಸೆಯಿಂದ ಹಿಡಿಯುವಂತಿಲ್ಲ. ಹಾಗೆ ಹಿಡಿದರೆ ರೈಡರ್ ಔಟಲ್ಲ. ಎಚ್ಚರಿಕೆಗೆ ಹಸಿರು ಕಾರ್ಡು, ಎರಡು ನಿಮಿಷ ಹೊರಗೆ ಕೂಡಿಸಲು ಹಳದಿ, ಪೂರ್ತಿ ಹೊರಗೆ ಹಾಕಲು ಕೆಂಪು ಕಾರ್ಡೂ ಇವೆ.

ಅಂದರೆ, ನಮ್ಮ ಬಯಲಿನಲ್ಲಿ ಆ ಹುಡುಗನ ಕುತ್ತಿಗೆಗೆ ತೋಳು ಹಾಕಿದ ಹಿಡಿತಕ್ಕೆ ಎರಡು ಪಾಯಿಂಟು ಅಲ್ಲ, ಒಂದು ಪಾಯಿಂಟೂ ಸಿಗಬಾರದಿತ್ತು!

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ನಮ್ಮ ಆಟಕ್ಕೆ ಒಳ್ಳೆಯ ದಿನ ಬಂದವು. ಹಳ್ಳಿಯ ಹುಡುಗರು ಲಕ್ಷಗಟ್ಟಲೆ ಸಂಪಾದಿಸುತ್ತಾರೆ. ಬೆಂಗಳೂರು ಬುಲ್ಸ್ ಆರನೆಯ ಆವೃತ್ತಿಯಲ್ಲಿ ಗೆದ್ದಾಗ ನಮ್ಮ ಊರಲ್ಲೂ ಪಟಾಕಿ ಹಾರಿಸಿದ್ದರು. ಆದರೆ ನೋಡುವವರ ಉತ್ಸಾಹಕ್ಕಾಗಿ ತಂದ ನಿಯಮಗಳಲ್ಲಿ ಈ ಸೂಪರ್ ಟ್ಯಾಕಲ್ ಒಂದು. ಅಂಗಳದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೈಡರನ್ನು ಹಿಡಿದರೆ ಒಂದರ ಬದಲು ಎರಡು ಪಾಯಿಂಟು. ಏಳು ಜನ ಸರಪಳಿ ಕಟ್ಟಿ ಹಿಡಿಯುವಾಗ ಭಾರ ಹಂಚಿಹೋಗುತ್ತದೆ. ಇಬ್ಬರು ಮೂವರು ಹಿಡಿಯಬೇಕಾದಾಗ ಡಿಕ್ಕಿ ಹೊಡೆಯುವುದು, ಮೈಮೇಲೆ ಬೀಳುವುದು ಹೆಚ್ಚು. ಲೀಗಿನಲ್ಲಿ ಅದಕ್ಕೆ ಮೆತ್ತನೆಯ ಮ್ಯಾಟ್ ಇದೆ, ಕಾಲಲ್ಲಿ ಬೂಟು ಇದೆ, ಬದಿಯಲ್ಲಿ ಫಿಸಿಯೊಥೆರಪಿಸ್ಟ್ ಇದ್ದಾನೆ, ತೂಕದ ಮಿತಿ ಇದೆ, ತಪ್ಪು ನೋಡಲು ಕ್ಯಾಮೆರಾ ಇದೆ. ನಾವು ಅಲ್ಲಿಂದ ಎರಡು ಪಾಯಿಂಟನ್ನು ಮಾತ್ರ ತಂದುಕೊಂಡೆವು. ಉಳಿದದ್ದನ್ನು ಟೀವಿಯಲ್ಲೇ ಬಿಟ್ಟೆವು. ನಮ್ಮ ಬಯಲಿನಲ್ಲಿ ಬೇಸಿಗೆಯ ನೆಲ ಹಂಚಿನಂತೆ ಗಟ್ಟಿ. ಐವತ್ತು ಕಿಲೋ ತೂಕದ ಪಿಯುಸಿ ಹುಡುಗನ ಎದುರಿಗೆ ಎಂಬತ್ತು ಕಿಲೋದ ಆಳು.

ಹಾಗೆಂದು ಮ್ಯಾಟ್ ತಂದರೆ ಎಲ್ಲ ಸರಿಹೋದೀತು ಎಂದೂ ಇಲ್ಲ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ. ಮ್ಯಾಟಿನ ಮೇಲೆ ಬೂಟು ಕಚ್ಚಿ ನಿಲ್ಲುತ್ತದೆ. ಪಾದ ನೆಲಕ್ಕೆ ಅಂಟಿ, ಹರಡನ್ನು ಒಬ್ಬ ಹಿಡಿದು, ಮೇಲಿನ ಮೈ ತಿರುಗಿದರೆ ನಡುವೆ ಸಿಕ್ಕುವುದು ಮೊಣಕಾಲು. ಒಳಗೆ 'ಟಪ್' ಎಂದ ಹಾಗಾಗಿ, ಕೆಲವೇ ತಾಸಿನಲ್ಲಿ ಬಾತುಕೊಂಡರೆ ಮೊಣಕಾಲಿನ ಒಳಗಿನ ಅಡ್ಡ ಕಟ್ಟು ಹರಿದಿರುವ ಸಂಭವ ದೊಡ್ಡದು. ಅದಕ್ಕೆ ಬಿಸಿ ಎಣ್ಣೆ ಹಾಕಿ ತಿಕ್ಕಿಸಬೇಡಿ. ತಣ್ಣನೆಯ ಪಟ್ಟಿ ಹಾಕಿ, ಕಾಲು ಎತ್ತರಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಹದಿನೈದು ದಿನಕ್ಕೆ ಬಾವು ಇಳಿದು ನಡೆಯಲು ಬರುತ್ತದೆ, ಹುಡುಗ ವಾಸಿಯಾಯಿತು ಎಂದು ತಿಳಿದು ಮತ್ತೆ ಆಡುತ್ತಾನೆ, ಮೆಟ್ಟಿಲಿಳಿಯುವಾಗ ಕಾಲು ಸರಕ್ಕನೆ ಜಾರಿದಾಗ ನನ್ನ ಹತ್ತಿರ ಬರುತ್ತಾನೆ. ಈ ಕಥೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ.

ಜೀವವೇ ಹೋದ ಉದಾಹರಣೆಗಳೂ ದೂರದವಲ್ಲ. 2022ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಒಂದು ಪಂದ್ಯದಲ್ಲಿ, ಹಿಡಿತದಲ್ಲಿ ಬಿದ್ದ ರೈಡರ್ ಯುವಕ ಏಳಲು ಹೋಗಿ ಹಾಗೆಯೇ ಕುಸಿದ. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಆ ದೃಶ್ಯ ನಿಮ್ಮಲ್ಲಿ ಎಷ್ಟೋ ಜನರ ಮೊಬೈಲಿಗೆ ಬಂದಿರಬೇಕು.

ಹಾಗಾದರೆ ಏನು ಮಾಡಬೇಕು? ಕಬಡ್ಡಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮೊಬೈಲು ಹಿಡಿದು ಮೂಲೆ ಸೇರುವ ಹುಡುಗನಿಗಿಂತ ಮಣ್ಣಿನಲ್ಲಿ ಉರುಳುವ ಹುಡುಗನನ್ನು ಕಂಡರೆ ನನಗೆ ಹೆಚ್ಚು ಸಂತೋಷ. ನನ್ನ ಬೇಡಿಕೆ ಸಣ್ಣದು. ಊರಿನ ಪಂದ್ಯಗಳಲ್ಲಿ ಸೂಪರ್ ಟ್ಯಾಕಲ್ಲಿನ ಹೆಚ್ಚಿನ ಪಾಯಿಂಟನ್ನು ಕೈಬಿಡಿ. ಆ ಒಂದು ಪಾಯಿಂಟು ಟೀವಿಗೆ ಬೇಕು, ನಮಗೆ ಬೇಡ. ಕುತ್ತಿಗೆ, ತಲೆ ಹಿಡಿದವನಿಗೆ ಮೊದಲ ಸಲವೇ ಹಳದಿ ಕಾರ್ಡು ತೋರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಆ ದಿನ ಅವನು ಮತ್ತೆ ಆಡಬಾರದು; ಅವನ ಬದಲು ಇನ್ನೊಬ್ಬ ಇಳಿಯಲಿ. ಇದರಲ್ಲಿ ಹೊಸದೇನೂ ಇಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್ ಚೆಂಡು ತಾಗಿ ಸತ್ತ ಮೇಲೆ ಕ್ರಿಕೆಟ್ಟು ಕಣ್ಣು ತೆರೆಯಿತು. 2019ರ ಆಗಸ್ಟಿನಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತಲೆಗೆ ಪೆಟ್ಟಾದವನ ಬದಲು ಬ್ಯಾಟಿಂಗ್, ಬೌಲಿಂಗ್ ಎಲ್ಲವನ್ನೂ ಮಾಡಬಲ್ಲ ಆಟಗಾರನನ್ನು ಇಳಿಸಬಹುದು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಲಬುಶೇನ್ ಆಡಿದ್ದು ನೆನಪಿರಬಹುದು. ಸ್ಮಿತ್‌ನಂಥವನನ್ನೇ ಕೂಡಿಸಬಹುದಾದರೆ ನಮ್ಮ ತಾಲ್ಲೂಕು ಮಟ್ಟದ ರೈಡರನ್ನು ಕೂಡಿಸುವುದಕ್ಕೆ ಏನಡ್ಡಿ?

ತಂದೆತಾಯಿಗಳು ಗಮನಿಸಬೇಕಾದದ್ದು ಇಷ್ಟು. ಬಿದ್ದವನು ಕತ್ತು ನೋವು ಎಂದರೆ, ಕೈಕಾಲು ಜುಮ್ಮೆಂದರೆ, ರಟ್ಟೆ ಹಿಡಿದು ಎಬ್ಬಿಸಿ ಕೂಡಿಸಬೇಡಿ. ತಲೆ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ಉಸಿರಿಲ್ಲದೆ, ಕರೆದರೆ ಓಗೊಡದೆ ಬಿದ್ದಿದ್ದರೆ ಗಾಡಿ ಹುಡುಕುತ್ತ ಹೊತ್ತು ಕಳೆಯಬೇಡಿ. ಒಬ್ಬರು 108ಕ್ಕೆ ಹೇಳುವಾಗ ಇನ್ನೊಬ್ಬರು ಎದೆಯ ನಡುಮಧ್ಯ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಎರಡು ಇಂಚಿನಷ್ಟು ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಲೇ ಇರಬೇಕು. ತಲೆಗೆ ಪೆಟ್ಟಾಗಿ ಮನೆಗೆ ಬಂದವನಿಗೆ ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಂಥ ಮಂಪರು ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ, ಝಟಕೆ ಬಂದರೆ, ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ ಇಳಿದರೆ, ರಾತ್ರಿ ಎಷ್ಟೇ ಆಗಿರಲಿ, ಬೀದರ್‌ಗೋ ಕಲಬುರ್ಗಿಗೋ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಇವು ಯಾವುವೂ ಇಲ್ಲದಿದ್ದರೆ ಮತ್ತು ಡಾಕ್ಟರು ನೋಡಿ ಕಳಿಸಿದ್ದರೆ ಮಲಗಲು ಬಿಡಬಹುದು. ನಿದ್ದೆ ಮಾಡಗೊಡಬಾರದು ಎಂದು ರಾತ್ರಿಯೆಲ್ಲ ತಟ್ಟಿ ಎಬ್ಬಿಸುವ ಪದ್ಧತಿ ಬೇಡ. ಎರಡು ದಿನ ವಿಶ್ರಾಂತಿ, ಆ ಮೇಲೆ ನಿಧಾನವಾಗಿ ನಡಿಗೆ, ಓದು. ಹಿಡಿದು ಬೀಳುವ ಆಟಕ್ಕೆ ಎರಡು ಮೂರು ವಾರವಾದರೂ ತಡೆಯಲಿ. ಅದೂ ತಲೆನೋವು ಪೂರ್ತಿ ಹೋಗಿ, ಡಾಕ್ಟರು ಒಪ್ಪಿದ ಮೇಲೆ.

ಅಂದು ನಾನು ಆ ಹುಡುಗನನ್ನು ಆಡಲು ಕಳಿಸಲಿಲ್ಲ. ನಾಯಕ ಸಿಟ್ಟಾದ. "ನಿಮ್ಮ ಸಲುವಾಗಿ ಸೋತ್ವಿ ಸಾಹೇಬ್ರ" ಎಂದು ಮರುದಿನ ಬಂದು ಹೇಳಿಯೂ ಹೋದ. ಹುಡುಗನ ತಂದೆ ಕಬ್ಬಿನ ಗದ್ದೆಯಿಂದ ನೇರವಾಗಿ ಬಂದಿದ್ದರು, ರಾತ್ರಿ ಎಂಟರವರೆಗೆ ಮಗನ ಪಕ್ಕ ಕುಳಿತಿದ್ದರು. ಮಗ ಐದನೆಯ ಸಲ ಪಾಯಿಂಟು ಕೇಳಿದಾಗ ಅವರೇ, "ನೀ ಗೆದ್ದಿಯಪ್ಪ, ಮಕ್ಕೊ" ಎಂದರು. ಎರಡನೆಯ ವಾರ ತಲೆನೋವು ನಿಂತಿತು. ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಆ ಸಂಜೆಯ ಪಂದ್ಯ ಮಾತ್ರ ಅವನಿಗೆ ಇಂದಿಗೂ ನೆನಪಿಲ್ಲ.

ಪಂದ್ಯಾವಳಿ ನಡೆಸಿದವರು ಮೊನ್ನೆ ಬಂದಿದ್ದರು. ಮುಂದಿನ ಪಂದ್ಯಕ್ಕೆ ಡಾಕ್ಟರಾಗಿ ಬಂದು ಕೂಡಬೇಕು ಎಂದರು. ಬರುತ್ತೇನೆ, ಪೇಟಾ ಬೇಡ. ನಾನು ಆಡಬಾರದು ಎಂದವನು ಆಡಬಾರದು, ಇದನ್ನು ಆಟ ಶುರುವಾಗುವ ಮೊದಲೇ ಮೈಕಿನಲ್ಲಿ ಹೇಳಬೇಕು ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರನ್ನೂ ಕೇಳಿ ಹೇಳುತ್ತೇವೆ ಎಂದು ಚಹಾ ಕುಡಿದು ಹೋಗಿದ್ದಾರೆ.